ಗುಂಡನಿಗೆ ಶೀತವಾದ ಆಟಿ ತಿಂಗಳು

ಜುಲೈ ಮೂರನೇ ವಾರ. ಮಂಗಳೂರಿನ ಕುಲಶೇಖರದ ನಮ್ಮ ಮನೆಯ ಹೊರಗೆ ಧೋ ಎಂದು ಮಳೆ. ರಾತ್ರಿ ಊಟ ಮುಗಿಸಿ ನನ್ನ ಸಾಕು ಹಾವು ಗುಂಡನ ಪೆಟ್ಟಿಗೆಯ ಹತ್ತಿರ ಕೂತಿದ್ದೆ. ಮಳೆ ಸ್ವಲ್ಪ ಬಿಟ್ಟಾಗ ಟಿಕ್, ಟಿಕ್ ಅಂತ ಸಣ್ಣ ಸದ್ದು ಕೇಳಿಸಿತು. ಗೋಡೆಯ ಹಲ್ಲಿ ಅಂದುಕೊಂಡೆ. ಟಾರ್ಚ್ ಹಾಕಿದರೆ, ಸದ್ದು ಗುಂಡನ ಮೂಗಿನದು. ಎಡ ಹೊಳ್ಳೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಉಸಿರು ಬಿಟ್ಟಾಗ ಉಬ್ಬುತ್ತಿತ್ತು, ಎಳೆದಾಗ ಒಡೆಯುತ್ತಿತ್ತು.

ಗುಂಡ ಬಾಲ್ ಪೈಥಾನ್. ಆಫ್ರಿಕಾದ ಜಾತಿ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಅವನ ನೋಂದಣಿ ಆಗಿದೆ. ನಮ್ಮ ಊರಿನ ಹೆಬ್ಬಾವು, ಕೇರೆ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.

ಆ ರಾತ್ರಿಯೇ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಪೊರೆ ಬಿಡುವ ಮುಂಚೆ ಕೆಲವು ಹಾವುಗಳ ಉಸಿರಿನಲ್ಲಿ ಸೀಟಿಯಂಥ ಸದ್ದು ಬರುತ್ತದೆ, ಇದೂ ಅದೇ ಇರಬೇಕು ಅಂತ ಎರಡು ದಿನ ಸುಮ್ನೆ ಕಳೆದೆ. ಆದರೆ ಪೊರೆಗೆ ಬಂದ ಹಾವಿನ ಕಣ್ಣು ಮಂಜಾಗುತ್ತದೆ. ಗುಂಡನ ಕಣ್ಣು ಕನ್ನಡಿಯ ಹಾಗೆ ತಿಳಿಯಾಗಿತ್ತು. ಅದನ್ನು ನಾನು ನೋಡಬೇಕಿತ್ತು ಅಲ್ವಾ? ಮೂರನೇ ದಿನ ಅವನು ಗಾಜಿಗೆ ಗಂಟಲು ಒರಗಿಸಿ, ಮೂತಿ ಮೇಲೆತ್ತಿ, ಬಾಯಿ ಸ್ವಲ್ಪ ತೆರೆದು ನಿಂತಿದ್ದ. ಬಾಯಿಯ ಅಂಚಿನಲ್ಲಿ ಬಸಳೆ ದಂಟಿನ ಲೋಳೆಯ ಹಾಗೆ ನೂಲು ನೂಲಾದ ಕಫ.

ಬಟ್ಟೆ ಚೀಲದಲ್ಲಿ ಹಾಕಿ, ಚೀಲವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟು ಡಾಕ್ಟರ ಹತ್ತಿರ ಓಡಿದೆ. ಅವರು ಬಾಯಿ ತೆರೆದು ನೋಡಿ ಹೇಳಿದರು, "ಹಾವಿಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಗೆ ಹಾಕಲಿಕ್ಕೆ ಆಗುವುದಿಲ್ಲ. ಎದೆ, ಹೊಟ್ಟೆಯ ನಡುವೆ ನಮಗಿರುವ ಸ್ನಾಯು, ವಪೆ, ಅದಕ್ಕಿಲ್ಲ. ಒಳಗೆ ಸೇರಿದ್ದು ಒಳಗೇ ಉಳಿಯುತ್ತದೆ."

ಆಮೇಲೆ ಕೇಳಿದರು, "ಅದು ಮಲಗುವ ಜಾಗದಲ್ಲಿ ಬಿಸಿ ಎಷ್ಟು ಉಂಟು?"

"31 ಡಿಗ್ರಿ ಡಾಕ್ಟ್ರೇ."

"ಮೀಟರ್ ಎಲ್ಲಿ ಅಂಟಿಸಿದ್ದೀರಿ?"

ಗಾಜಿನ ಮೇಲೆ, ಬಲ್ಬಿನ ಹತ್ತಿರ. ಮನೆಗೆ ಬಂದು ಪ್ರೋಬ್ ಇರುವ ಥರ್ಮೋಮೀಟರನ್ನು ಗುಂಡ ಮಲಗುವಲ್ಲೇ ನೆಲಕ್ಕೆ ಇಟ್ಟೆ. 25 ಡಿಗ್ರಿ! ಕೆಳಗೆ ಹೀಟ್ ಮ್ಯಾಟ್ ಇತ್ತು, ಆದರೆ ಅದರ ಮೇಲೆ ಮೂರು ಇಂಚು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಮಳೆಗಾಲದ ಗಾಳಿಗೆ ಅದು ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು. ಬಿಸಿ ಮೇಲೆ ಬರುತ್ತಲೇ ಇರಲಿಲ್ಲ. ಹಾವಿನ ಮೈ ಬಿಸಿ ಹೊರಗಿನದ್ದು, ರೋಗದ ವಿರುದ್ಧ ಹೋರಾಡುವ ಶಕ್ತಿಯೂ ಆ ಬಿಸಿಯಿಂದಲೇ. ನಾನು ಗುಂಡನನ್ನು ವಾರಗಟ್ಟಲೆ ಒದ್ದೆ ಚಾಪೆಯ ಮೇಲೆ ಮಲಗಿಸಿದ್ದೆ. ಈಗಲೂ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಶ್ವಾಸನಾಳದಿಂದ ತೆಗೆದ ದ್ರವದ ಕಲ್ಚರ್ ವರದಿಯಲ್ಲಿ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಬಂತು. ಯಾವ ಔಷಧಕ್ಕೆ ಬಗ್ಗುತ್ತದೆ ಅಂತಲೂ ಅದರಲ್ಲೇ ಗೊತ್ತಾಯಿತು. ಡಾಕ್ಟರು ಬರೆದದ್ದು ಸೆಫ್ಟಾಜಿಡೈಮ್ ಅನ್ನುವ ಆಂಟಿಬಯಾಟಿಕ್. ಕೆ.ಜಿ.ಗೆ 20 ಮಿಲಿಗ್ರಾಂ ಲೆಕ್ಕ, 72 ಗಂಟೆಗೊಮ್ಮೆ ಇಂಜೆಕ್ಷನ್. ಗುಂಡ ಅಡುಗೆಮನೆಯ ತಕ್ಕಡಿಯಲ್ಲಿ 1,320 ಗ್ರಾಂ ತೂಗಿದ, ಅಂದರೆ ಒಂದು ಸಲಕ್ಕೆ ಸುಮಾರು 26 ಮಿಲಿಗ್ರಾಂ. ಡಾಕ್ಟರು ಸಿರಿಂಜ್‌ಗಳಲ್ಲಿ ಅಳೆದು ತುಂಬಿ ಕೊಟ್ಟರು, ನಾನು ಫ್ರೀಜರ್‌ನಲ್ಲಿ ಇಟ್ಟೆ. ಯಾರೋ ಹೇಳಿದರು ಅಂತ ಮೆಡಿಕಲ್ ಶಾಪ್‌ನಿಂದ ಯಾವುದೋ ಆಂಟಿಬಯಾಟಿಕ್ ತಂದು ಚುಚ್ಚಬೇಡಿ, ದಯವಿಟ್ಟು. ಕೆಲವು ಔಷಧಗಳು ಹಾವಿನ ಮೂತ್ರಪಿಂಡವನ್ನೇ ಹಾಳು ಮಾಡುತ್ತವೆ. ಬಾಲ್ ಪೈಥಾನ್‌ಗಳಿಗೆ ಸರ್ಪೆಂಟೊವೈರಸ್ ಅಂತ ಒಂದು ಬರುತ್ತದೆ, 2014ರಲ್ಲಿ ಗುರುತಿಸಿದ್ದು. ಲಕ್ಷಣ ಇದೇ ಥರ, ಆದರೆ ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ. ಮನೆಯಲ್ಲಿ ಎರಡನೇ ಹಾವು ಇದ್ದರೆ ಮೊದಲ ದಿನವೇ ಬೇರೆ ಕೋಣೆಗೆ ಹಾಕಿ.

ಮೊದಲ ಇಂಜೆಕ್ಷನ್ ಡಾಕ್ಟರು ಕೊಟ್ಟು ತೋರಿಸಿದರು. ಎರಡನೆಯದು ನನ್ನ ಕೈಯಲ್ಲಿ. ಅಮ್ಮ ಬೈರಾಸಿನಲ್ಲಿ ಅವನ ತಲೆ ಮುಚ್ಚಿ ಹಿಡಿದುಕೊಂಡರು. ಚುಚ್ಚುವುದು ಮೈಯ ಮುಂದಿನ ಮೂರನೇ ಒಂದು ಭಾಗದಲ್ಲೇ. ಬಾಲದ ಕಡೆಯ ರಕ್ತ ಮೊದಲು ಮೂತ್ರಪಿಂಡದ ದಾರಿ ಹಿಡಿಯುತ್ತದೆ, ಅದಕ್ಕೆ. ಬೆನ್ನುಮೂಳೆಯ ಪಕ್ಕದ ಮಾಂಸದಲ್ಲಿ, ಎರಡು ಹುರುಪೆಗಳ ನಡುವೆ ಸೂಜಿ ಓರೆಯಾಗಿ ಇಳಿಯಬೇಕು. ಹುರುಪೆಯ ಮೇಲೆಯೇ ಒತ್ತಿದರೆ ಸೂಜಿ ಜಾರುತ್ತದೆ. ಮೊದಲ ಸಲ ಜಾರಿತು. ಅವನ ಮೈ ಒಮ್ಮೆ ಬಿಗಿಯಾಯಿತು, ಅಮ್ಮ "ಆಯ್ತು ಮಗಾ, ಆಯ್ತು" ಅಂದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಹೀಗೆ ಒಂಬತ್ತು ಇಂಜೆಕ್ಷನ್.

ಕೋಕೋಪೀಟ್ ಎಲ್ಲ ತೆಗೆದು ಪೇಪರ್ ಹಾಸಿದೆ. ಕಫ ಬಿದ್ದರೆ ಪೇಪರ್ ಮೇಲೆ ಕಾಣುತ್ತದೆ. ಬಿಸಿ ಬದಿ 32, ತಂಪು ಬದಿ 27, ರಾತ್ರಿಯೂ ಅಷ್ಟೇ. ದಿನಕ್ಕೆ ಎರಡು ಸಲ ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯಲ್ಲಿ ಅವನನ್ನು ಇಟ್ಟು, 15 ನಿಮಿಷ ಸಲೈನ್ ನೆಬ್ಯುಲೈಸರ್. ತೇವವೇ ಬೇಡ ಅಂತ ಪೆಟ್ಟಿಗೆಯನ್ನು ಪೂರ್ತಿ ಒಣಗಿಸುವವರಿದ್ದಾರೆ, ಅದು ತಪ್ಪು. ಒಣ ಗಾಳಿಗೆ ಕಫ ಗಟ್ಟಿಯಾಗುತ್ತದೆ. ನಾನು ತೇವಾಂಶ 60 ಶೇಕಡಾ ಹತ್ತಿರ ಇಟ್ಟುಕೊಂಡೆ. ತೇವದ ಜೊತೆ ಚಳಿ ಸೇರಬಾರದು, ಗಾಳಿ ನಿಲ್ಲಬಾರದು.

ಕಷ್ಟವಾದದ್ದು ಕರೆಂಟ್ ಹೋದ ರಾತ್ರಿಗಳು. ಒಂದು ರಾತ್ರಿ ಹನ್ನೊಂದಕ್ಕೆ ಹೋದ ಕರೆಂಟ್ ಬೆಳಿಗ್ಗೆ ಐದಾದರೂ ಬರಲಿಲ್ಲ. ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಬೈರಾಸು ಸುತ್ತಿ ಪೆಟ್ಟಿಗೆಯ ಎರಡು ಮೂಲೆಗೆ ಇಟ್ಟೆ, ಮೇಲೆ ಕಂಬಳಿ ಹೊದಿಸಿದೆ. ಗಂಟೆಗೊಮ್ಮೆ ನೀರು ಬದಲಿಸಿ ಪ್ರೋಬ್ ನೋಡುತ್ತಾ ಕೂತೆ. 27ಕ್ಕಿಂತ ಕೆಳಗೆ ಇಳಿಯಲು ಬಿಡಲಿಲ್ಲ.

ಮಧ್ಯದಲ್ಲಿ ನಾಗರಪಂಚಮಿ ಬಂತು. ಅಮ್ಮ ನಾಗಬನಕ್ಕೆ ಸೀಯಾಳ, ಹಾಲು ತೆಗೆದುಕೊಂಡು ಹೋಗಿ ತನು ಎರೆಸಿ ಬಂದರು. ಪ್ರಸಾದದ ಅರಶಿನವನ್ನು ಪೆಟ್ಟಿಗೆಯ ಹೊರಗಿನ ಗಾಜಿಗೆ ಒಂದು ಬೊಟ್ಟು ಇಟ್ಟರು. ಆ ಬೊಟ್ಟನ್ನು ನಾನು ಒರೆಸಿಲ್ಲ.

ಐದನೇ ಇಂಜೆಕ್ಷನ್ ಆದ ಮೇಲೆ ಗುಳ್ಳೆ ನಿಂತಿತು. ಟಿಕ್ ಸದ್ದು ಇನ್ನೂ ಒಂದು ವಾರ ಇತ್ತು. ಗುಳ್ಳೆ ನಿಂತಿತು ಅಂತ ಇಂಜೆಕ್ಷನ್ ನಿಲ್ಲಿಸಲಿಲ್ಲ. ಅಷ್ಟೂ ದಿನ ಊಟ ಕೊಡಲಿಲ್ಲ. ತೂಕ 1,240ಕ್ಕೆ ಇಳಿಯಿತು. ಸೆಪ್ಟೆಂಬರ್ ಮೊದಲ ವಾರ ಒಂದು ಚಿಕ್ಕ ಇಲಿ ಕೊಟ್ಟೆ. ತುಂಬಾ ಹೊತ್ತು ನಾಲಿಗೆ ಆಡಿಸಿ, ನುಂಗಿದ. ತಿಂಗಳ ಕೊನೆಗೆ ಪೊರೆ ಬಿಟ್ಟ, ಒಂದೇ ತುಂಡು. ಮೂತಿಯ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎರಡು ಹೊಳ್ಳೆಗಳೂ ಸ್ವಚ್ಛವಾಗಿ ತೆರೆದಿದ್ದವು.