ಹಳೇ ಕಂಪ್ಯೂಟರ್‌ಗೆ ಹೊಸ ಡೆಸ್ಕ್‌ಟಾಪ್: ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ

ತಿಪಟೂರಿನಿಂದ ಚಿಕ್ಕಪ್ಪನ ಫೋನು. "ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸ್ದೆ ಕಣೋ. ವಿಂಡೋ ಹಿಡಿದು ಎಳೆದ್ರೆ ಎತ್ತಿನಗಾಡಿ ಥರ ಬರುತ್ತೆ. ಅಂಗಡಿಯವನು ಎರಡು ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಸರಿಹೋಗುತ್ತೆ ಅಂತಾನೆ. ಹಾಕಿಸ್ಲಾ?"

"ಭಾನುವಾರ ಬರ್ತೀನಿ ಚಿಕ್ಕಪ್ಪ, ಅಲ್ಲೀವರ್ಗೂ ದುಡ್ಡು ಬಿಚ್ಬೇಡಿ" ಅಂದೆ.

ಯಂತ್ರ ಅಂಥ ಕಳಪೆಯದೇನಲ್ಲ. ಯಾವುದೋ ಕಚೇರಿಯಿಂದ ಹೊರಬಿದ್ದ ಸಣ್ಣ ಕ್ಯಾಬಿನೆಟ್‌ನ ಕಂಪ್ಯೂಟರ್. ಒಳಗೆ 2012ರ ಇಂಟೆಲ್ ಐ3-3220 ಪ್ರೊಸೆಸರ್, 4 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತಲ್ಲ, ಆಮೇಲೆ ಇಂಥ ಎಷ್ಟೋ ಯಂತ್ರಗಳ ಕಥೆ ಇದೇ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಎಷ್ಟೇ ದೊಡ್ಡ ಕಾರ್ಡ್ ತಂದು ಸಿಕ್ಕಿಸಿದರೂ ಆ ಬಾಗಿಲು ತೆರೆಯುವುದಿಲ್ಲ. ಉಳಿದದ್ದು ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್. ಅಲ್ಲಿಗೆ ಬಂದವರ ಮೊದಲ ಪ್ರಶ್ನೆ, ಕಾರ್ಡ್ ಎಷ್ಟು ಜಿಬಿಯದಿರಬೇಕು? ಪ್ರಶ್ನೆಯೇ ತಪ್ಪು. ಡೆಸ್ಕ್‌ಟಾಪ್‌ಗೆ, ಅಂದರೆ ವಿಂಡೋ, ಮೆನುಗಳೆಲ್ಲ ಕಾಣುವ ಪರದೆಗೆ, ಬೇಕಾದದ್ದು ಜಿಬಿ ಅಲ್ಲ, ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶವಾದ ಡ್ರೈವರ್.

ಅಷ್ಟಕ್ಕೂ ಕಾರ್ಡ್ ಮಾಡುವುದೇನು?

ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ನೆನಪಿರಬೇಕು. ಯಾವುದಾದರೂ ಪ್ರೋಗ್ರಾಂ ಹ್ಯಾಂಗ್ ಆದಾಗ ಅದರ ಮೇಲೆ ಇನ್ನೊಂದು ವಿಂಡೋ ಎಳೆದಾಡಿದರೆ ಪರದೆ ತುಂಬ ಅದರದೇ ಅಚ್ಚುಗಳು ಸಾಲಾಗಿ ಉಳಿಯುತ್ತಿದ್ದವು. ಆಗ ಇಡೀ ಪರದೆ ಒಂದೇ ಸ್ಲೇಟು. ಮೇಲಿನ ವಿಂಡೋ ಸರಿದಾಗ ಕೆಳಗಿನ ಪ್ರೋಗ್ರಾಂ ಎದ್ದು ತನ್ನ ಪಾಲಿನ ಚಿತ್ರವನ್ನು ಮತ್ತೆ ಬರೆಯಬೇಕು. ಹ್ಯಾಂಗ್ ಆದದ್ದು ಬರೆಯುವುದೆಲ್ಲಿ?

ಈಗ ಹಾಗಿಲ್ಲ. ಪ್ರತಿ ವಿಂಡೋಗೂ ಮೆಮರಿಯಲ್ಲಿ ಅದರದೇ ಒಂದು ಹಾಳೆ. ಆ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ನೆರಳು ಹಾಕಿ, ಸೆಕೆಂಡಿಗೆ 60 ಸಲದವರೆಗೂ ಪರದೆಗೆ ಕಳಿಸುವ ಕೆಲಸಕ್ಕೆ ಕಾಂಪೊಸಿಟಿಂಗ್ ಎನ್ನುತ್ತಾರೆ. ಗ್ರಾಫಿಕ್ಸ್ ಚಿಪ್ ಬೇಕಾಗುವುದು ಮುಖ್ಯವಾಗಿ ಇದಕ್ಕೆ. 2007ರಲ್ಲಿ ವಿಂಡೋಸ್ ವಿಸ್ಟಾ ತನ್ನ ಗಾಜಿನಂಥ ಏರೋ ರೂಪಕ್ಕೆ ಡೈರೆಕ್ಟ್‌ಎಕ್ಸ್ 9 ಬಲ್ಲ ಚಿಪ್ಪು, 128 ಎಂಬಿ ಗ್ರಾಫಿಕ್ಸ್ ಮೆಮರಿ ಕೇಳಿತ್ತು. ಲಿನಕ್ಸ್‌ನಲ್ಲಿ 2011ರ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3 ಎಂಬ ಡೆಸ್ಕ್‌ಟಾಪ್ ಕೂಡ ಗ್ರಾಫಿಕ್ಸ್ ಚಿಪ್ಪಿನ 3ಡಿ ನೆರವು ಇಲ್ಲದ ಯಂತ್ರಕ್ಕೆ ಹಳೇ ಥರದ ಬದಲಿ ಪರದೆ ಕೊಡುತ್ತಿತ್ತು. 2013ರ 3.8 ಆವೃತ್ತಿಯಲ್ಲಿ ಆ ಬದಲಿ ಪರದೆಯನ್ನೂ ತೆಗೆದುಹಾಕಿದರು.

ಮೆಮರಿಯ ಲೆಕ್ಕ ನೀವೇ ಹಾಕಬಹುದು. ಒಂದು ಚುಕ್ಕೆಗೆ ನಾಲ್ಕು ಬೈಟ್. ಚಿಕ್ಕಪ್ಪನ ಮಾನಿಟರ್ 1366×768, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕೆ. ಪರದೆ ತುಂಬುವ ಒಂದು ಹಾಳೆಗೆ ಬರೀ 4 ಎಂಬಿ. ಫುಲ್ ಎಚ್‌ಡಿ ಆದರೆ 8 ಎಂಬಿ. ಫುಲ್ ಎಚ್‌ಡಿ ಪರದೆಯ ಮೇಲೆ ಹತ್ತು ವಿಂಡೋ ಪೂರ್ತಿ ಬಿಚ್ಚಿಟ್ಟು, ಪ್ರತಿಯೊಂದಕ್ಕೂ ಎರಡೆರಡು ಹಾಳೆ ಇಟ್ಟರೂ 160 ಎಂಬಿ. ಬ್ರೌಸರ್ ತನ್ನ ಪಾಲಿಗೆ ಇನ್ನಷ್ಟು ಎಳೆದುಕೊಳ್ಳುತ್ತದೆ, ಇರಲಿ. ಆದರೂ ಡೆಸ್ಕ್‌ಟಾಪ್ ಎಂಬುದಕ್ಕೆ ಎರಡು ಜಿಬಿ ಕಾರ್ಡ್ ಬೇಕೆನ್ನುವುದು ಇಬ್ಬರ ಮನೆಗೆ ಮದುವೆ ಛತ್ರದ ಕೊಪ್ಪರಿಗೆ ತಂದ ಹಾಗೆ.

ಹೆಜ್ಜೆ 1: ಯಾವ ಚಿಪ್ ಇದೆ ಎಂದು ತಿಳಿಯಿರಿ

ಇನ್ನೂ ವಿಂಡೋಸ್ ಇದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಿ, ಎಕ್ಸ್, ಡಿ, ಐ, ಎ, ಜಿ ಈ ಆರು ಅಕ್ಷರ ಬರೆದು ಎಂಟರ್ ಕೊಡಿ. ತೆರೆದ ಪೆಟ್ಟಿಗೆಯಲ್ಲಿ ಡಿಸ್‌ಪ್ಲೇ ಎಂಬ ಟ್ಯಾಬ್‌ನಲ್ಲಿ ಚಿಪ್ಪಿನ ಹೆಸರು ಇರುತ್ತದೆ. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗೆ ಹೋಗಿದೆಯೋ, ಕೆಳಗಿನ ಕಾರ್ಡ್‌ಗೆ ಹೋಗಿದೆಯೋ ಎಂದು ಹಿಂದೆ ಬಗ್ಗಿಯೂ ನೋಡಿ. ಕಾರ್ಡ್ ಇದ್ದೂ ಕೇಬಲ್ಲನ್ನು ಬೋರ್ಡ್‌ಗೆ ಚುಚ್ಚಿಕೊಂಡ ಮಹನೀಯರನ್ನು ಕಂಡಿದ್ದೇನೆ. ಒಮ್ಮೆ ನಾನೇ ಆಗಿದ್ದೆ.

ಹೆಜ್ಜೆ 2: ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ

ಈ ಹೆಜ್ಜೆಯನ್ನು ಮಾತ್ರ ಹಾರಿಸಬೇಡಿ. 8 ಜಿಬಿಯ ಪೆನ್‌ಡ್ರೈವ್ ಸಾಕು. ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಅನ್ನು ಅದರ ಅಧಿಕೃತ ತಾಣದಿಂದ ಇಳಿಸಿ, ರೂಫಸ್ ಅಥವಾ ವೆಂಟಾಯ್ ಎಂಬ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ಹಾಕಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೊ ಇದ್ದರೆ ಮೊದಲೇ ತೆಗೆದಿಡಿ. ಕಂಪ್ಯೂಟರ್ ಆನ್ ಮಾಡುವಾಗ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿದರೆ, ಹಾರ್ಡ್‌ಡಿಸ್ಕ್ ಮುಟ್ಟದೆಯೇ ಇಡೀ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ.

ಈಗ ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ಐ, ಎನ್, ಎಕ್ಸ್, ಐ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ದೊಡ್ಡಕ್ಷರದ ಜಿ ಬರೆದು ಎಂಟರ್ ಕೊಡಿ. ಮಿಂಟ್‌ನಲ್ಲಿ ಈ ಸಲಕರಣೆ ಮೊದಲೇ ಇರುತ್ತದೆ. ಬಂದ ಸಾಲುಗಳಲ್ಲಿ ರೆಂಡರರ್ ಎಂಬ ಪದ ಹುಡುಕಿ. ಅದರ ಮುಂದೆ ಇಂಟೆಲ್, ಎಎಂಡಿ, ಎನ್‌ವಿಡಿಯಾ ಚಿಪ್ಪಿನ ಹೆಸರಿದ್ದರೆ ಚಿತ್ರ ಬರೆಯುತ್ತಿರುವುದು ಗ್ರಾಫಿಕ್ಸ್ ಚಿಪ್. ಅಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ, ಆ ಕೆಲಸವನ್ನೂ ಪಾಪದ ಪ್ರೊಸೆಸರ್ರೇ ಹೊತ್ತಿದೆ. ಎಲ್‌ಎಲ್‌ವಿಎಂಪೈಪ್ ಎನ್ನುವುದು ಗ್ರಾಫಿಕ್ಸ್ ಚಿಪ್ಪಿನ ಕೆಲಸವನ್ನು ಪ್ರೊಸೆಸರ್ ಕೈಲಿ ಮಾಡಿಸುವ ತಂತ್ರಾಂಶ. ಗ್ನೋಮ್ ಬದಲಿ ಪರದೆಯನ್ನು ಕೈಬಿಡಲು ಸಾಧ್ಯವಾದದ್ದೇ ಇದರಿಂದ. ಎಂಟು ಕೋರ್‌ಗಳ ಹೊಸ ಯಂತ್ರ ಹೇಗೋ ತೂಗಿಸಿಕೊಂಡು ಹೋದೀತು. ಎರಡು ಕೋರ್‌ಗಳ ಹಳೇ ಯಂತ್ರಕ್ಕೆ ಏದುಸಿರು.

ಟರ್ಮಿನಲ್ ಎಂದರೆ ಭಯವೇ? ಸಿಸ್ಟಂ ಮಾನಿಟರ್ ತೆರೆದು ಒಂದು ಪಕ್ಕಕ್ಕಿಡಿ. ಇನ್ನೊಂದು ವಿಂಡೋದ ತಲೆಪಟ್ಟಿ ಹಿಡಿದು ಹಿಟ್ಟು ಬೀಸುವ ಹಾಗೆ ಹತ್ತು ಸೆಕೆಂಡು ಗುಂಡಗೆ ತಿರುಗಿಸಿ. ಪ್ರೊಸೆಸರ್ ಗೆರೆಗಳೆಲ್ಲ ಒಟ್ಟಿಗೆ ಮೇಲಕ್ಕೆ ಜಿಗಿದು ಅಲ್ಲೇ ನಿಂತರೆ ಅನುಮಾನಪಡಿ.

ಚಿಕ್ಕಪ್ಪನ ಯಂತ್ರದಲ್ಲಿ ಪೆನ್‌ಡ್ರೈವ್‌ನಿಂದ ಓಡಿಸಿದಾಗ ಇಂಟೆಲ್ ಹೆಸರು ಬಂತು, ವಿಂಡೋ ಬೆಣ್ಣೆಯ ಹಾಗೆ ಜಾರಿತು. ಹಾರ್ಡ್‌ಡಿಸ್ಕ್‌ನಿಂದ ಓಡಿಸಿದರೆ ಎಲ್‌ಎಲ್‌ವಿಎಂಪೈಪ್! ಚಿಪ್ ಒಂದೇ, ಫಲಿತಾಂಶ ಎರಡು. ಕಾರಣ ಸಿಕ್ಕಿತು. ಲಿನಕ್ಸ್ ಹಾಕಿಕೊಟ್ಟ ಹುಡುಗ, ಕಂಪ್ಯೂಟರ್ ಶುರುವಾಗುವಾಗ ಓದುವ ಬೂಟ್ ಸಾಲಿನಲ್ಲಿ ನೋಮೋಡ್‌ಸೆಟ್ ಎಂಬ ಪದ ಸೇರಿಸಿ, ಹಾಗೇ ಬಿಟ್ಟಿದ್ದ. ಪರದೆ ಕಪ್ಪಾಗಿ ನಿಂತಾಗ ಹೇಗಾದರೂ ಒಳಗೆ ಹೋಗಲು ಬಳಸುವ ಪದ ಅದು. ಗ್ರಾಫಿಕ್ಸ್ ಡ್ರೈವರ್‌ಗೆ "ನೀನು ಸುಮ್ಮನಿರು" ಎಂದು ಹೇಳುತ್ತದೆ. ಇನ್‌ಸ್ಟಾಲ್ ಆದಮೇಲೆ ತೆಗೆಯಬೇಕು. ಇಟಿಸಿ ಫೋಲ್ಡರಿನೊಳಗೆ ಡಿಫಾಲ್ಟ್ ಫೋಲ್ಡರ್, ಅದರೊಳಗೆ ಗ್ರಬ್ ಎಂಬ ಕಡತ. ಅಡ್ಮಿನ್ ಅಧಿಕಾರದಲ್ಲಿ ತೆರೆದು ಆ ಒಂದು ಪದ ಅಳಿಸಿ, ಅಪ್‌ಡೇಟ್-ಗ್ರಬ್ ಆಜ್ಞೆ ಓಡಿಸಿ ರೀಸ್ಟಾರ್ಟ್ ಮಾಡಿದೆ. ಎತ್ತಿನಗಾಡಿ ಹೋಯಿತು.

ಅದೇ ಪೆನ್‌ಡ್ರೈವ್‌ನಲ್ಲಿ ಒಂದು ಕನ್ನಡ ಪತ್ರಿಕೆಯ ತಾಣ ತೆರೆದು ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ನೋಡಿಬಿಡಿ. ಅಕ್ಷರ ಚದುರಿದರೆ ಅದು ಕಾರ್ಡಿನ ತಪ್ಪಲ್ಲ. ಅಕ್ಷರ ಜೋಡಿಸುವುದು ಪ್ರೊಸೆಸರ್ ಮೇಲೆ ಓಡುವ ತಂತ್ರಾಂಶ. ಗುಬ್ಬಿ, ನವಿಲು ಅಥವಾ ನೋಟೊ ಕನ್ನಡ ಫಾಂಟ್ ಹಾಕಿಕೊಂಡರೆ ಸಾಮಾನ್ಯವಾಗಿ ಮುಗಿಯುತ್ತದೆ.

ಹೆಜ್ಜೆ 3: ಚಿಪ್ಪಿಗೆ ತಕ್ಕ ಡೆಸ್ಕ್‌ಟಾಪ್ ಆರಿಸಿ

ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಹಲವು ಬಗೆ, ಕೆಲವು ಹಗುರ, ಕೆಲವು ಭಾರ. ತೀರಾ ಹಳೆಯ ಚಿಪ್ಪಿನಿಂದ ಶುರು ಮಾಡೋಣ. ಇಂಟೆಲ್ 945 ಬೋರ್ಡಿನ ಜಿಎಂಎ 950, ಜಿ31 ಬೋರ್ಡಿನ ಜಿಎಂಎ 3100. ಇವಕ್ಕೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿ, ಕಾಂಪೊಸಿಟಿಂಗ್ ನಿಲ್ಲಿಸಿಬಿಡಿ. ಎಕ್ಸ್‌ಎಫ್‌ಸಿಇಯಲ್ಲಿ ಸೆಟ್ಟಿಂಗ್ಸ್‌ನ ವಿಂಡೋ ಮ್ಯಾನೇಜರ್ ಟ್ವೀಕ್ಸ್ ಒಳಗೆ ಕಾಂಪೊಸಿಟರ್ ಎಂಬ ಟ್ಯಾಬ್ ಇದೆ. ಅಲ್ಲಿನ ಮೊದಲ ಟಿಕ್ ತೆಗೆದರೆ ಆಯಿತು. ನೆರಳು ಹೋಗುತ್ತದೆ, ಜೀವ ಬರುತ್ತದೆ. 1996ರಲ್ಲಿ ಶುರುವಾದ ಎಕ್ಸ್‌ಎಫ್‌ಸಿಇ ಇಂದಿಗೂ 3ಡಿ ಇಲ್ಲದೆ ನೆಮ್ಮದಿಯಾಗಿ ನಡೆಯುತ್ತದೆ ಎಂಬುದೇ ಅದರ ಮೇಲೆ ನನಗಿರುವ ಗೌರವಕ್ಕೆ ಕಾರಣ.

ಜಿ41 ಬೋರ್ಡಿನ ಜಿಎಂಎ ಎಕ್ಸ್4500 ಇದ್ದರೆ ಒಂದು ಮೆಟ್ಟಿಲು ಮೇಲೆ. 3ಡಿ ಚಿತ್ರ ಬರೆಸುವ ಓಪನ್‌ಜಿಎಲ್ 2.1 ಬಲ್ಲದು. ಗ್ನೋಮ್ 2ರಿಂದ ಕವಲೊಡೆದ ಮಾಟೆ ಡೆಸ್ಕ್‌ಟಾಪ್ ಚೆನ್ನಾಗಿ ಒಗ್ಗುತ್ತದೆ. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಕೂಡ ಓಡುತ್ತದೆ, ಆದರೆ ಎಫೆಕ್ಟ್‌ಗಳನ್ನೆಲ್ಲ ನಿಲ್ಲಿಸಿದ ಮೇಲೆ.

2011ರ ಸ್ಯಾಂಡಿ ಬ್ರಿಡ್ಜ್, 2012ರ ಐವಿ ಬ್ರಿಡ್ಜ್ (ಚಿಕ್ಕಪ್ಪನ ಐ3-3220 ಇದೇ ತಲೆಮಾರಿನದು) ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದರೆ, ಒಳಗೇ ಇರುವ ಇಂಟೆಲ್ ಎಚ್‌ಡಿ ಗ್ರಾಫಿಕ್ಸ್‌ಗೆ ಸಿನಮನ್, ಗ್ನೋಮ್, ಕೆಡಿಇ ಪ್ಲಾಸ್ಮಾ ಯಾವುದೂ ಭಾರವಲ್ಲ. ಅಲ್ಲಿ ಸಾಲದೆ ಬರುವುದು ರ‍್ಯಾಮ್.

ಜಿಎಂಎ 500, ಜಿಎಂಎ 3600 ಎಂಬ ಹೆಸರು ಕಂಡರೆ ಹುಷಾರು. ಆಟಮ್ ಪ್ರೊಸೆಸರ್‌ನ ನೆಟ್‌ಬುಕ್‌ಗಳಲ್ಲಿ ಬರುತ್ತಿದ್ದ ಈ ಚಿಪ್ಪುಗಳು ಇಂಟೆಲ್ ಹೆಸರಿನವಾದರೂ ಒಳಗಿರುವುದು ಬೇರೆ ಕಂಪನಿಯ ಪವರ್‌ವಿಆರ್ ವಿನ್ಯಾಸ. ಲಿನಕ್ಸ್‌ನಲ್ಲಿ ಇವಕ್ಕೆ 3ಡಿ ಡ್ರೈವರ್ ಇಲ್ಲವೆಂದೇ ಲೆಕ್ಕ. ಹಗುರ ಡೆಸ್ಕ್‌ಟಾಪ್ ಬಿಟ್ಟು ಬೇರೆ ಯೋಚಿಸಬೇಡಿ.

ಎಎಂಡಿಯ ಹಳೇ ರೇಡಿಯಾನ್ ಎಚ್‌ಡಿ 5000, 6000 ಸರಣಿ ಇದ್ದವರು ಅದೃಷ್ಟವಂತರು. ಮುಕ್ತ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ, ಹೊಸದೇನೂ ಹಾಕಬೇಕಿಲ್ಲ. ಎನ್‌ವಿಡಿಯಾದ್ದು ಬೇರೆ ರಾಗ. ಜಿಫೋರ್ಸ್ 8, 9, 200 ಸರಣಿಗಳ 340 ಡ್ರೈವರ್‌ಗೆ 2019ರ ಕೊನೆಗೆ, ಆಮೇಲಿನ ಫರ್ಮಿ ವಿನ್ಯಾಸದ ಕಾರ್ಡ್‌ಗಳ 390 ಡ್ರೈವರ್‌ಗೆ 2022ರ ಕೊನೆಗೆ ಕಂಪನಿ ಮಂಗಳ ಹಾಡಿದೆ. ಉಳಿದದ್ದು ನೂವೋ ಎಂಬ ಮುಕ್ತ ಡ್ರೈವರ್. ಡೆಸ್ಕ್‌ಟಾಪ್ ಕೆಲಸಕ್ಕೆ ಅದು ನಡೆಯುತ್ತದೆ, ಆದರೆ ಎಷ್ಟೋ ಕಾರ್ಡ್‌ಗಳು ಬೂಟ್ ಆದಾಗಿನ ಕನಿಷ್ಠ ವೇಗದಲ್ಲೇ ನಿಂತುಬಿಡುತ್ತವೆ.

ಹೆಜ್ಜೆ 4: ಕಾರ್ಡ್‌ಗೆ ಮೊದಲು ರ‍್ಯಾಮ್

ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮರಿ ಇಲ್ಲ, ಯಂತ್ರದ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ ರ‍್ಯಾಮ್ ಎಷ್ಟಿದೆ ಎಂಬುದರ ಜೊತೆಗೆ ಹೇಗೆ ಕೂತಿದೆ ಎಂಬುದೂ ಮುಖ್ಯ. ಡಿಡಿಆರ್3-1600 ಒಂದೇ ಕಡ್ಡಿ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ ಮಾಹಿತಿ ಹರಿಯುತ್ತದೆ. ಅಂಥದ್ದೇ ಇನ್ನೊಂದನ್ನು ಎರಡನೇ ಚಾನೆಲ್‌ನ ಸ್ಲಾಟ್‌ಗೆ ಹಾಕಿದರೆ 25.6 ಜಿಬಿ. ಡೆಸ್ಕ್‌ಟಾಪ್ ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ಸ್ಲಾಟ್ ಜೋಡಿ. ಹಾಕುವ ಮುಂಚೆ ಕರೆಂಟ್ ವೈರ್ ಕಿತ್ತು, ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ, ಎರಡೂ ಬದಿಯ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ. ಚಿಕ್ಕಪ್ಪನ ಯಂತ್ರಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಸೆಕೆಂಡ್ ಹ್ಯಾಂಡ್ 4 ಜಿಬಿ ಕಡ್ಡಿ ಒಯ್ದಿದ್ದೆ, 600 ರೂಪಾಯಿಗೆ. ಲಿನಕ್ಸ್ ಮಿಂಟ್ 22 ಕೇಳುವುದು ಕನಿಷ್ಠ 2 ಜಿಬಿ, ಹಿತವಾಗಿರಲು 4 ಜಿಬಿ. ಬ್ರೌಸರ್‌ನಲ್ಲಿ ಹದಿನೈದು ಟ್ಯಾಬ್ ತೆರೆದಿಡುವ ಮನುಷ್ಯರಿಗೆ 8 ಇರಲಿ.

ಹೆಜ್ಜೆ 5: ವಿಡಿಯೊ ಮಾತ್ರ ತಡವರಿಸಿದರೆ

ಇಲ್ಲಿ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ವಿಂಡೋಗಳೆಲ್ಲ ಸರಾಗ, ಯೂಟ್ಯೂಬ್ ಹಾಕಿದರೆ ಮಾತ್ರ ಫ್ಯಾನ್ ಕಿರುಚುತ್ತದೆ. ಡೆಸ್ಕ್‌ಟಾಪ್‌ಗೂ ಇದಕ್ಕೂ ಸಂಬಂಧವಿಲ್ಲ. ವಿಡಿಯೊವನ್ನು ಕುಗ್ಗಿಸಿ ಕಳಿಸುವ ಬಗೆಗಳು ಹಲವು. ಐವಿ ಬ್ರಿಡ್ಜ್ ಚಿಪ್ಪಿಗೆ ಎಚ್.264 ಬಗೆಯದನ್ನು ಬಿಡಿಸುವುದು ಗೊತ್ತು, ವಿಪಿ9 ಬಗೆಯದು ಗೊತ್ತಿಲ್ಲ. ಯೂಟ್ಯೂಬ್ ವಿಪಿ9 ಕಳಿಸಿದಾಗ ಭಾರವೆಲ್ಲ ಪ್ರೊಸೆಸರ್ ಮೇಲೆ. ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಯೂಟ್ಯೂಬ್ ಹಳೇ ಎಚ್.264 ರೂಪವನ್ನೇ ಕೊಡುತ್ತದೆ, ಇಲ್ಲವೇ 480ಕ್ಕೆ ಇಳಿಸಿ ನೋಡಿ. ಚಿಪ್ಸ್ ತಿನ್ನುತ್ತ ಹಾಡು ಕೇಳುವವರಿಗೆ ಅಷ್ಟು ಸಾಕು.

ಹೆಜ್ಜೆ 6: ಕಾರ್ಡ್ ಕೊಳ್ಳಲೇಬೇಕು ಎಂದಾದರೆ

ಕೊಳ್ಳಬೇಕಾದ ಸಂದರ್ಭಗಳೂ ಇವೆ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದ ಹಳೇ ವರ್ಕ್‌ಸ್ಟೇಷನ್, ಸುಟ್ಟುಹೋದ ಡಿಸ್‌ಪ್ಲೇ ಪೋರ್ಟು, ಅಥವಾ ದೊಡ್ಡ ಮಾನಿಟರ್. ಐವಿ ಬ್ರಿಡ್ಜ್‌ನ ಎಚ್‌ಡಿಎಂಐ 1920×1200ಕ್ಕೆ ನಿಲ್ಲುತ್ತದೆ, 4ಕೆ ಮಾನಿಟರ್ ತಂದವರಿಗೆ ಕಾರ್ಡ್ ಬೇಕೇ ಬೇಕು.

ಅಂಗಡಿಗೆ ಹೊರಡುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ನಾನೊಮ್ಮೆ ಅಳೆಯದೆ ಕಾರ್ಡ್ ತಂದೆ. ಸ್ಲಾಟ್‌ಗೆ ಸರಿಯಾಗಿ ಕೂತಿತು, ಕ್ಯಾಬಿನೆಟ್ ಮುಚ್ಚಳ ಮುಚ್ಚಲಿಲ್ಲ. ಮಾರಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡು ಅಂಗಡಿಯಲ್ಲಿ ಆಗ ಕಣ್ಣಿಗೆ ಬಿತ್ತು. ಸಣ್ಣ ಕ್ಯಾಬಿನೆಟ್‌ಗೆ ಲೋ ಪ್ರೊಫೈಲ್ ಎಂಬ ಗಿಡ್ಡ ಕಾರ್ಡ್, ಅದರ ಗಿಡ್ಡ ಪಟ್ಟಿಯ ಸಮೇತ ಕೇಳಬೇಕು. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗರಿಷ್ಠ 75 ವಾಟ್ ಕೊಡುತ್ತದೆ, ಅದಕ್ಕಿಂತ ಹೆಚ್ಚು ಉಣ್ಣುವ ಕಾರ್ಡ್‌ಗೆ ಕರೆಂಟ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಬೇಕು. ಆಫೀಸ್ ಯಂತ್ರಗಳಲ್ಲಿ ಆ ವೈರ್ ಸಾಮಾನ್ಯವಾಗಿ ಇರುವುದಿಲ್ಲ.

ಹೆಸರನ್ನೂ ನಂಬಬೇಡಿ. ಎನ್‌ವಿಡಿಯಾದ ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಫರ್ಮಿ ಚಿಪ್ಪಿನದೂ ಇದೆ, ಅದರ ನಂತರದ ಕೆಪ್ಲರ್ ಚಿಪ್ಪಿನದೂ ಇದೆ. 128 ಬಿಟ್ ಡಿಡಿಆರ್3 ಎಂದು ಹೆಮ್ಮೆಯಿಂದ ಬರೆದಿರುವುದೇ ಹಳೇ ಫರ್ಮಿ, ಡ್ರೈವರ್ ನಿಂತುಹೋದದ್ದು. ಅಂಗಡಿಯವರು 4 ಜಿಬಿ ಎಂದು ತೋರಿಸುವುದೂ ಇಂಥದ್ದೇ ಆಗಿರಬಹುದು. ಜಿಟಿ 1030 ತೆಗೆದುಕೊಳ್ಳುವುದಾದರೆ ಜಿಡಿಡಿಆರ್5 ಮೆಮರಿಯದು ನೋಡಿ, ಡಿಡಿಆರ್4ನದು ನಿಧಾನ. ಅದಕ್ಕೂ ಎನ್‌ವಿಡಿಯಾದ 580 ಸರಣಿಯ ಡ್ರೈವರೇ ಕೊನೆಯದು. ಬರೀ ಡೆಸ್ಕ್‌ಟಾಪ್‌ಗಾದರೆ ನನ್ನ ಓಟು ಸೆಕೆಂಡ್ ಹ್ಯಾಂಡ್ ರೇಡಿಯಾನ್‌ಗೆ. ಕಾರ್ಡ್ ಕೂರಿಸಿದ ಮೇಲೆ ಎರಡನೇ ಹೆಜ್ಜೆಗೆ ವಾಪಸ್ ಹೋಗಿ ರೆಂಡರರ್ ಸಾಲನ್ನು ಮತ್ತೆ ಓದಿ.

ತಿಪಟೂರಿನ ಯಂತ್ರಕ್ಕೆ ಸಿನಮನ್ ಹಾಗೇ ಉಳಿಸಿದೆ. ಸಂಜೆ ಹೊರಡುವಾಗ ಚಿಕ್ಕಪ್ಪ ವಿಂಡೋ ಹಿಡಿದು ಅತ್ತಿತ್ತ ಎಳೆದು ನೋಡುತ್ತಿದ್ದರು. "ಈಗ ಪರವಾಗಿಲ್ಲ. ಪ್ರಿಂಟರ್ ಯಾಕೋ ಓಡ್ತಿಲ್ಲ ನೋಡು" ಅಂದರು. ನಾನು ಬಸ್ಸಿನ ಹೊತ್ತು ನೋಡಿಕೊಂಡೆ.