ಎದುರಿಗೆ ದೊಡ್ಡ ಅಲೆ ಬಂದಾಗ ಸ್ಪೀಡ್ ಬೋಟ್ ನಡೆಸುವುದು ಹೇಗೆ?

ಗಾಳಿ ಇಲ್ಲದ ದಿನವೂ ಸ್ಪೀಡ್ ಬೋಟಿಗೆ ದೊಡ್ಡ ಅಲೆ ಎದುರಾಗುತ್ತದೆ. ಅದನ್ನು ಎಬ್ಬಿಸಿದ ಬೋಟು ಆಗಲೇ ದೂರ ಹೋಗಿರುತ್ತದೆ. ಅಲೆ ಮಾತ್ರ ನಿಮ್ಮ ದಾರಿಗೆ ಅಡ್ಡ ಬರುತ್ತಿರುತ್ತದೆ. ಬೋಟಿನವರು ಇದನ್ನು ವೇಕ್ ಎನ್ನುತ್ತಾರೆ. ನಿಧಾನವಾಗಿ ಹೋಗುವವರಿಗೆ ಇದು ಬರೀ ಒಂದು ತೂಗಾಟ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಬೆನ್ನುಮೂಳೆ ಮುರಿಯಬಲ್ಲ ಹೊಡೆತ.

ಸ್ಟೀರಿಂಗ್ ಎತ್ತ ತಿರುಗಿಸಬೇಕು ಎಂದು ಕೇಳುವವರೇ ಜಾಸ್ತಿ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ ಥ್ರಾಟಲ್, ಅಂದರೆ ವೇಗ ಏರಿಸಿ ಇಳಿಸುವ ಹಿಡಿಯ ಮೇಲಿರುವ ಕೈ. ವೇಗ ಇಳಿಸುವ ಕೆಲಸ ಅಲೆ ಮುಟ್ಟುವ ಮೊದಲೇ ಮುಗಿದಿರಬೇಕು. ಲೆಕ್ಕ ನೋಡಿ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ನೂರು ಮೀಟರ್ ದೂರದಲ್ಲಿ ಕಂಡ ಅಲೆ ನಾಲ್ಕು ಸೆಕೆಂಡಿನೊಳಗೆ ಬೋಟಿನ ಮೂತಿಯ ಕೆಳಗಿರುತ್ತದೆ. ಒಂದು ಅಲೆಯ ನೆತ್ತಿಯಿಂದ ಇನ್ನೊಂದರ ನೆತ್ತಿಗೆ 14 ಮೀಟರ್ ಇದ್ದು, ಅವು ನೇರ ಎದುರಿನಿಂದ ಬರುತ್ತಿವೆ ಎಂದುಕೊಳ್ಳಿ. ಈ ವೇಗದಲ್ಲಿ ಸೆಕೆಂಡಿಗೆ ಎರಡಕ್ಕಿಂತ ಜಾಸ್ತಿ ಅಲೆ ಬಡಿಯುತ್ತವೆ. ಮೊದಲ ಹೊಡೆತದಿಂದ ಬೋಟು ಸಾವರಿಸಿಕೊಳ್ಳುವ ಮೊದಲೇ ಎರಡನೆಯದು. ವೇಗ 30ಕ್ಕೆ ಇಳಿದರೆ ಸೆಕೆಂಡಿಗೆ ಒಂದು ಅಲೆ, ಅಷ್ಟೇ. ವೇಗ ಅರ್ಧವಾದರೆ ಬೋಟಿನ ಚಲನೆಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಹೊರಡುವ ಮೊದಲು

ಕಿಲ್ ಸ್ವಿಚ್ಚಿನ ದಾರವನ್ನು ಮೈಗೆ ಸಿಕ್ಕಿಸಿಕೊಳ್ಳಿ. ನೀವು ಸೀಟಿನಿಂದ ಎಗರಿ ಬಿದ್ದರೆ ಎಂಜಿನ್ ನಿಲ್ಲಿಸುವುದು ಅದೊಂದೇ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕದಾದ ಬಹುತೇಕ ಮೋಟಾರು ಬೋಟುಗಳು ವೇಗವಾಗಿ ಓಡುವಾಗ ಇದನ್ನು ಬಳಸುವುದು 2021ರ ಏಪ್ರಿಲ್ 1ರಿಂದ ಕಡ್ಡಾಯ. ಕಾನೂನು ಇಲ್ಲದ ಕಡೆಯೂ ಬಳಸಿ. ಲೈಫ್ ಜಾಕೆಟ್ ಎಲ್ಲರ ಮೈಮೇಲಿರಬೇಕು, ಸೀಟಿನ ಕೆಳಗಲ್ಲ.

ಯಾರನ್ನೂ ಮೂತಿಯ ಕಡೆ ಕೂರಿಸಬೇಡಿ. ಬೋಟು ಅಲೆಗೆ ಬಡಿದಾಗ ಅತಿ ಹೆಚ್ಚು ಎತ್ತಿ ಕುಕ್ಕುವುದು ಅಲ್ಲೇ. ಬೆನ್ನು ಮತ್ತು ಸೊಂಟ ಸೇರುವ ಜಾಗದ ಮೂಳೆ ಜಜ್ಜಿ ಹೋಗುವುದು ಇಂಥ ಅಪಘಾತಗಳಲ್ಲಿ ಪದೇಪದೇ ಕಾಣುವ ಗಾಯ. ನಿಮ್ಮ ಸೀಟಿನಲ್ಲಿ ಕೂತ ನಿಮಗೆ ಸಣ್ಣದೆನಿಸಿದ ಹೊಡೆತ ಮುಂದೆ ಕೂತವರಿಗೆ ಸಣ್ಣದಾಗಿರುವುದಿಲ್ಲ. ಅವರನ್ನು ಹಿಂದಕ್ಕೆ ಕರೆಸಿ, ಹಿಡಿಕೆ ಹಿಡಿಸಿ. ಅಲೆ ಕಂಡ ಕೂಡಲೇ ಜೋರಾಗಿ ಕೂಗಿ ಹೇಳಿ. ನಿಂತಿರುವವರು ಮಂಡಿ ಸ್ವಲ್ಪ ಬಗ್ಗಿಸಿಕೊಳ್ಳಲಿ.

ಅಲೆಯನ್ನು ಓದುವುದು

ದೊಡ್ಡ ಅಲೆ ಎಬ್ಬಿಸುವುದು ತುಂಬಾ ವೇಗದ ಬೋಟಲ್ಲ, ತುಂಬಾ ನಿಧಾನದ್ದೂ ಅಲ್ಲ. ಮೂತಿ ಎತ್ತಿಕೊಂಡು, ಹಿಂಬದಿ ನೀರಿನಲ್ಲಿ ಕುಸಿದು, ನೀರನ್ನು ಉಳುತ್ತಾ ಹೋಗುವ ಭಾರದ ಬೋಟು. ದೊಡ್ಡ ಕ್ಯಾಬಿನ್ ಕ್ರೂಸರುಗಳು ಹೀಗೆ ಹೋಗುವುದು ಹೆಚ್ಚು. ವೇಕ್‌ಬೋರ್ಡ್ ಆಟದ ಬೋಟುಗಳಲ್ಲಂತೂ ಅಲೆ ದೊಡ್ಡದಾಗಲಿ ಎಂದೇ ಟ್ಯಾಂಕುಗಳಿಗೆ ನೀರು ತುಂಬಿಸಿರುತ್ತಾರೆ. ಅಂಥ ಬೋಟು ಕಂಡರೆ ಅದು ಹೋದ ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ. ಆಳದ ನೀರಿನಲ್ಲಿ ಸಾಧಾರಣ ವೇಗದ ಬೋಟಿನ ಅಲೆ ಆ ಗೆರೆಯ ಎರಡೂ ಕಡೆಗೆ ಸುಮಾರು 19.5 ಡಿಗ್ರಿ ಕೋನದಲ್ಲಿ ಹರಡುತ್ತದೆ. ವಿಜ್ಞಾನಿ ಕೆಲ್ವಿನ್ 1887ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಬೋಟು ನಿಮ್ಮೆದುರು ಹಾದು 300 ಮೀಟರ್ ಮುಂದೆ ಹೋಗಿದೆ ಎಂದರೆ, ಅದರ ಅಲೆ ಪಕ್ಕಕ್ಕೆ 100 ಮೀಟರಿನಷ್ಟು ಬಂದಿರುತ್ತದೆ. ಬೋಟು ಕಣ್ಣಿಗೆ ಮರೆಯಾಯಿತು ಎಂದು ಸುಮ್ನೆ ಥ್ರಾಟಲ್ ಒತ್ತಬೇಡಿ.

ಮೊದಲ ಅಲೆ ಸಾಮಾನ್ಯವಾಗಿ ಚಿಕ್ಕದು. ಅದರ ಹಿಂದೆ ಬರುವುದು ದೊಡ್ಡದು. ಮೊದಲನೆಯದು ದಾಟಿದ ಖುಷಿಯಲ್ಲಿ ವೇಗ ಏರಿಸಿದವರು ಸಿಕ್ಕಿಬೀಳುವುದು ಇಲ್ಲೇ. ಎರಡು ಬೋಟುಗಳ ಅಲೆ ಸೇರುವ ಜಾಗದಲ್ಲಿ ಎತ್ತರಕ್ಕೆ ಎತ್ತರ ಕೂಡುತ್ತದೆ. ಕಲ್ಲಿನ ಗೋಡೆಯ ಬಳಿ ಅಲೆ ಬಡಿದು ವಾಪಸ್ ಬರುತ್ತದೆ. ನೀರು ಆಳ ಕಡಿಮೆಯಾದ ಕಡೆ ಅಲೆ ಕಡಿದಾಗುತ್ತದೆ. ಇಂಥ ಕಡೆ ನಿಧಾನವಾಗಿಯೇ ಹೋಗಬೇಕು.

ವೇಗ ಇಳಿಸುವ ರೀತಿ

ಥ್ರಾಟಲ್ ಅನ್ನು ಒಂದೇ ಸಲ ಎಳೆದು ಬಿಡಬಾರದು. ಹಾಗೆ ಮಾಡಿದರೆ ಮೂತಿ ತಟ್ಟನೆ ಕುಸಿಯುತ್ತದೆ, ಅದೂ ಅಲೆಗೆ ನೆಟ್ಟಗೆ. ಹಿಂದಿನಿಂದ ನಿಮ್ಮದೇ ಅಲೆ ಬಂದು ಬೋಟಿನೊಳಗೆ ನೀರು ನುಗ್ಗಬಹುದು. ಆ ಹೊತ್ತಿಗೆ ಸ್ಟೀರಿಂಗ್ ತಿರುಗಿದ್ದರೆ ಇನ್ನೂ ಅಪಾಯ. ಮೂತಿ ನೀರಿಗೆ ಕಚ್ಚಿಕೊಂಡು ಹಿಂಬದಿ ಗಿರ್ರನೆ ತಿರುಗಿ ಜನರನ್ನು ಎಸೆಯುತ್ತದೆ. ಆದ್ದರಿಂದ ಸ್ಟೀರಿಂಗ್ ನೇರ ಮಾಡಿ, ದೂರದಿಂದಲೇ ಹಂತ ಹಂತವಾಗಿ ಇಳಿಸಿ.

ಎಷ್ಟಕ್ಕೆ ಇಳಿಸಬೇಕು? ಸಾಧಾರಣ ಅಲೆಯಾದರೆ, ಬೋಟು ನೀರಿನ ಮೇಲೆ ಜಾರುತ್ತಾ ಇರುವ ಅತಿ ಕಡಿಮೆ ವೇಗ ಸಾಕು. ನಿಜಕ್ಕೂ ದೊಡ್ಡದಾದರೆ, ಸ್ಟೀರಿಂಗ್ ಮಾತು ಕೇಳುವಷ್ಟು ಮಾತ್ರ ಓಟ ಉಳಿಸಿಕೊಂಡು ಪೂರ್ತಿ ಇಳಿಸಿ. ನಡುವಿನ ವೇಗದಲ್ಲಿ ನಿಲ್ಲಬೇಡಿ. ಅಲ್ಲಿ ಮೂತಿ ಮೇಲೆದ್ದು ಮುಂದಿನದೇ ಕಾಣುವುದಿಲ್ಲ. ಜೊತೆಗೆ ನೀವೇ ಬೇರೆಯವರಿಗೆ ದೊಡ್ಡ ಅಲೆ ಎಬ್ಬಿಸುತ್ತೀರಿ.

ಟ್ರಿಮ್ ಮತ್ತು ಕೋನ

ವೇಗದ ಬೋಟುಗಳ ತಳ ಆಳವಾದ ವಿ ಆಕಾರದ್ದು. ರೇ ಹಂಟ್ ವಿನ್ಯಾಸ ಮಾಡಿದ ಮೋಪಿ ಎಂಬ ಬೋಟು 1960ರ ಮಯಾಮಿ-ನಸ್ಸೌ ರೇಸ್ ಗೆದ್ದ ಮೇಲೆ ಈ ತಳ ಹೆಸರಾಯಿತು. ಇಂದಿಗೂ ಇಂಥ ಅನೇಕ ಬೋಟುಗಳ ತಳ ಹಿಂಬದಿಯಲ್ಲಿ ಸುಮಾರು 24 ಡಿಗ್ರಿ ಇಳಿಜಾರಿರುತ್ತದೆ. ಅಲೆಯನ್ನು ಸೀಳುವುದು ಈ ವಿ ಆಕಾರದ ಕೆಲಸ. ಆದರೆ ಮೂತಿ ಎತ್ತಿಕೊಂಡಿದ್ದರೆ ಅದರ ಚೂಪಾದ ಭಾಗ ಅಲೆಗೆ ಸಿಗುವುದೇ ಇಲ್ಲ, ಅಲ್ವಾ? ಹಾಗಾಗಿ ಅಲೆಗೆ ಮೊದಲು ಟ್ರಿಮ್, ಅಂದರೆ ಎಂಜಿನ್ನಿನ ಓರೆ ಬದಲಿಸಿ ಮೂತಿಯನ್ನು ಏರಿಸಿ ಇಳಿಸುವ ವ್ಯವಸ್ಥೆಯನ್ನು, ಸ್ವಲ್ಪ ಇಳಿಸಿ. ತೀರಾ ಇಳಿಸಿದರೆ ಮೂತಿಯೇ ಬೋಟನ್ನು ಅತ್ತಿತ್ತ ಎಳೆಯತೊಡಗುತ್ತದೆ. ಅದೂ ಕೂಡದು.

ನಿಧಾನ ಮಾಡಿದ ಮೇಲೆ ಅಲೆಯನ್ನು ಸ್ವಲ್ಪ ಓರೆಯಾಗಿ, ಅಂದರೆ ನೇರ ಎದುರಿನಿಂದ 30ರಿಂದ 45 ಡಿಗ್ರಿ ಪಕ್ಕಕ್ಕೆ ತಿರುಗಿ ದಾಟಿದರೆ ಹೊಡೆತ ಕಡಿಮೆ. ಪಕ್ಕೆ ಕೊಟ್ಟು ನಿಲ್ಲಬೇಡಿ, ಬೋಟು ಹೊಯ್ದಾಡುತ್ತದೆ. ಈ ಓರೆ ದಾರಿ ನಿಧಾನಕ್ಕೆ ಮಾತ್ರ. ವೇಗದಲ್ಲಿ ಓರೆಯಾಗಿ ಬಡಿದರೆ ಒಂದು ಬದಿ ಮೊದಲು ಎದ್ದು, ಬೋಟು ವಾಲಿಕೊಂಡೇ ಕೆಳಗೆ ಬೀಳುತ್ತದೆ. ವೇಗ ಇಳಿಸಲು ಸಮಯವೇ ಸಿಗದಿದ್ದರೆ ಆದಷ್ಟು ನೇರವಾಗಿ ದಾಟಿ.

ಬೋಟು ನೀರು ಬಿಟ್ಟು ಎದ್ದೇಬಿಟ್ಟರೆ? ಪ್ರೊಪೆಲ್ಲರ್ ಗಾಳಿಗೆ ಬರುತ್ತಿದ್ದಂತೆ ಥ್ರಾಟಲ್ ಇಳಿಸಿ, ಪೂರ್ತಿ ಮುಚ್ಚಬೇಡಿ. ಸ್ಟೀರಿಂಗ್ ನೇರ ಇರಲಿ. ಬೋಟು ನೀರಿಗೆ ಕೂತ ಮೇಲೆ ಮೆತ್ತಗೆ ಏರಿಸಿ. ಗಾಳಿಯಲ್ಲಿ ಹುಚ್ಚಾಪಟ್ಟೆ ತಿರುಗುವ ಪ್ರೊಪೆಲ್ಲರ್ ಥಟ್ಟನೆ ನೀರಿಗೆ ಸಿಕ್ಕಿದರೆ ಗೇರು, ಶಾಫ್ಟುಗಳಿಗೆ ಏಟು. ಸಮುದ್ರದ ಬೋಟ್ ರೇಸಿನಲ್ಲಿ ಒಬ್ಬರು ಸ್ಟೀರಿಂಗ್ ಹಿಡಿದರೆ, ಇನ್ನೊಬ್ಬರು ಥ್ರಾಟಲ್ ನೋಡಿಕೊಳ್ಳಲೆಂದೇ ಕೂರುತ್ತಾರೆ. ಅಷ್ಟು ಕಷ್ಟದ ಕೆಲಸ ಅದು. ಒಬ್ಬರೇ ಓಡಿಸುವವರು ಬೇಕೆಂದೇ ಬೋಟು ಹಾರಿಸುವುದನ್ನು ನಾನು ಒಪ್ಪುವುದಿಲ್ಲ. ಎರಡು ಒಡಲುಗಳನ್ನು ಜೋಡಿಸಿ ಮಾಡಿದ ಕ್ಯಾಟಮರಾನ್ ಬೋಟಿನಲ್ಲಂತೂ ಮೂತಿ ಎದ್ದರೆ ತಳದ ಸುರಂಗಕ್ಕೆ ಗಾಳಿ ನುಗ್ಗಿ ಬೋಟು ಹಿಂದಕ್ಕೆ ಮಗುಚಿಕೊಳ್ಳಬಹುದು.

ಹಿಂದಿನಿಂದ ದಾಟುವಾಗ

ಮುಂದಿರುವ ಬೋಟನ್ನು ಹಿಂದೆ ಹಾಕುವಾಗ ಟ್ರಿಮ್ ಲೆಕ್ಕ ತಿರುಗುಮುರುಗು. ಅಲೆಯೂ ನೀವು ಹೋಗುವ ಕಡೆಗೇ ಹೋಗುತ್ತಿರುತ್ತದೆ. ಅದರ ನೆತ್ತಿ ದಾಟಿ ಇಳಿಜಾರಿನಲ್ಲಿ ಜಾರಿದರೆ ಮುಂದಿನ ಅಲೆಯ ಬೆನ್ನಿಗೆ ಮೂತಿ ಹೂತುಹೋಗಬಹುದು. ವೇಗ ಇಳಿಸಿ, ಮೂತಿ ಸ್ವಲ್ಪ ಎತ್ತಿರಲಿ. ಸಾಧ್ಯವಾದರೆ ವಿಎಚ್‌ಎಫ್ ರೇಡಿಯೊದಲ್ಲಿ ಮುಂದಿನ ಬೋಟಿಗೆ ನಿಧಾನ ಮಾಡಲು ಕೇಳಿ. 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ದೂರ ಬಿಟ್ಟು ದಾಟುವ ಹೊಣೆ ಹಿಂದಿನಿಂದ ಬರುವ ಬೋಟಿನದು.

ಜೋರು ಹೊಡೆತ ಬಿದ್ದರೆ

ಬೋಟು ನಿಧಾನ ಮಾಡಿ ಮೊದಲು ಜನರನ್ನು ನೋಡಿ. ಯಾರಾದರೂ ಬೆನ್ನು ನೋವು, ಕಾಲು ಜೋಮು ಎಂದರೆ ಅವರನ್ನು ಎಬ್ಬಿಸಬೇಡಿ, ಇದ್ದ ಹಾಗೇ ಅಲುಗಾಡದಂತೆ ಇರಿಸಿ ರೇಡಿಯೊದಲ್ಲಿ ಸಹಾಯ ಕೇಳಿ. ಆಮೇಲೆ ತಳದಲ್ಲಿ ನೀರು ಸೇರುತ್ತಿದೆಯೇ, ಸ್ಟೀರಿಂಗ್ ಎರಡೂ ಕಡೆ ಸಲೀಸಾಗಿ ತಿರುಗುತ್ತದೆಯೇ, ಎಂಜಿನ್ ಸದ್ದು ಬದಲಾಗಿದೆಯೇ ಎಂದು ಪರೀಕ್ಷಿಸಿ. ಇದರಲ್ಲಿ ಒಂದು ಸರಿಯಿಲ್ಲದಿದ್ದರೂ ಆ ದಿನ ಮತ್ತೆ ವೇಗಕ್ಕೆ ಏರಿಸದೆ ನಿಧಾನವಾಗಿ ದಡಕ್ಕೆ ಬನ್ನಿ.