ಜಾಕ್ ಇರುವುದು ಎತ್ತಲು, ಹೊರಲು ಅಲ್ಲ: ಮನೆಯಲ್ಲೇ ಕಾರು ಎತ್ತಿ ನಿಲ್ಲಿಸಿದ ನನ್ನ ಅನುಭವ

ಮುಂದಿನ ಎಡಚಕ್ರದ ಕಡೆಯಿಂದ ಟಕ್ ಟಕ್ ಸದ್ದು ಶುರುವಾಗಿ ಎರಡು ತಿಂಗಳಾಗಿತ್ತು. ತುಮಕೂರಿನ ನಮ್ಮ ಬಡಾವಣೆಯಲ್ಲಿ ರಸ್ತೆ ಹಂಪಿಗೂ ಗುಂಡಿಗೂ ಬರವಿಲ್ಲ, ಹಾಗಾಗಿ ಸದ್ದಿಗೂ ಬಿಡುವಿರಲಿಲ್ಲ. ನನ್ನದು 2013ರ ಪೆಟ್ರೋಲ್ ಸ್ವಿಫ್ಟ್. ಚಕ್ರದ ಹಿಂದೆ ಸಸ್ಪೆನ್ಷನ್ನಿಗೆ ಸೇರಿದ ಸಣ್ಣ ಕೊಂಡಿಯನ್ನು, ಅಂದರೆ ಲಿಂಕ್ ರಾಡನ್ನು, ಹಿಡಿದು ಅಲ್ಲಾಡಿಸಿದರೆ ಅದರ ತುದಿಯ ಗುಂಡು ಸಡಿಲವಾಗಿ ಆಡುತ್ತಿತ್ತು. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಎರಡೂ ಕಡೆಯದನ್ನು ಜೋಡಿಯಾಗಿ ತಂದೆ. ಒಂದು ರಾಡಿಗೆ ಮೇಲೊಂದು ಕೆಳಗೊಂದು ಎರಡೇ ನಟ್. ಏರ್ ಫಿಲ್ಟರ್, ಪ್ಲಗ್, ಬ್ಯಾಟರಿ ನಾನೇ ಬದಲಿಸಿ ಅಭ್ಯಾಸವಿತ್ತು. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಪೋರ್ಟಿಕೊದಲ್ಲೇ ಕೆಲಸಕ್ಕೆ ಇಳಿದೆ.

ಡಿಕ್ಕಿಯಲ್ಲಿ ಗಾಡಿ ಜೊತೆ ಬಂದ ಕತ್ತರಿ ಜಾಕ್ ಇತ್ತು. ಹ್ಯಾಂಡ್‌ಬ್ರೇಕ್ ಎಳೆದೆ, ಮೊದಲನೇ ಗೇರಿಗೆ ಹಾಕಿದೆ, ಎಡಗಡೆ ಮುಂಭಾಗ ಎತ್ತಿ ಚಕ್ರ ಬಿಚ್ಚಿದೆ. ಚಕ್ರವನ್ನು ಗೋಡೆಗೆ ಒರಗಿಸಲು ಹೊರಟಾಗ ಮೆಟ್ಟಿಲ ಮೇಲೆ ಪೇಪರ್ ಓದುತ್ತ ಕೂತಿದ್ದ ನನ್ನ ಸೋದರಮಾವ ತಲೆ ಎತ್ತಿದರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು.

"ಅಲ್ಲಿಡಬೇಡ ಕಣೋ. ಮಲಗಿಸಿ ಗಾಡಿ ಕೆಳಕ್ಕೆ ತಳ್ಳು."

"ಯಾಕ್ ಮಾವ, ಕೆಳಗೆ ಮಲಗೋ ಕೆಲಸ ಏನಿಲ್ಲ. ಕೈ ಹಾಕಿದ್ರೆ ಸಾಕು."

"ಕೈ ಬೇಡ್ವಾ ನಿಂಗೆ? ತಳ್ಳು ಅಂದ್ರೆ ತಳ್ಳು."

ತಳ್ಳಿದೆ. ನಟ್ ಎರಡೂ ಬಂದವು, ರಾಡ್ ಮಾತ್ರ ಬರಲಿಲ್ಲ. ಯಾರೋ ಆ ಕಡೆಯಿಂದ ಹಿಡಿದುಕೊಂಡ ಹಾಗೆ ಬಿಗಿ. ಕಬ್ಬಿಣದ ಸರಳು ಕೊಟ್ಟು ಮೀಟಿ ಎಳೆದೆ. ಮೂರನೇ ಸಲ ಎಳೆದಾಗ ಗಾಡಿ ಗೇಟಿನ ಕಡೆಗೆ ಎರಡು ಇಂಚು ಜರುಗಿತು. ಜಾಕ್ ವಾಲಿದ್ದು ಕಣ್ಣಿಗೆ ಕಂಡಿತು, ಆಮೇಲೆ ಧಡ್ ಎಂದು ಬಾಡಿಯ ಅಂಚು ಟೈರಿನ ಮೇಲೆ ಕೂತಿತು. ನೆಲಕ್ಕೂ ಬ್ರೇಕ್ ಡಿಸ್ಕಿಗೂ ನಡುವೆ ಉಳಿದದ್ದು ಒಂದು ಗೇಣಿಗೂ ಕಡಿಮೆ. ಸರಳು ಹಿಡಿದಿದ್ದ ನನ್ನ ಎಡಗೈ ಡಿಸ್ಕಿನ ಕೆಳಗಡೆಯೇ ಇತ್ತು. ಚಕ್ರ ಗೋಡೆಗೆ ಒರಗಿದ್ದಿದ್ದರೆ ಆ ಕೈಯಲ್ಲಿ ಇದನ್ನು ಟೈಪ್ ಮಾಡುತ್ತಿರಲಿಲ್ಲ. ಮಾವ ಬೈಯಲಿಲ್ಲ. ಎದ್ದು ಬಂದು ಕೈ ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಹೋಗಿ ನೀರು ತಂದುಕೊಟ್ಟರು.

ಅವತ್ತು ಮಧ್ಯಾಹ್ನ ಇಬ್ಬರೂ ಕೂತು ಎಲ್ಲಿ ತಪ್ಪಿತೆಂದು ಒಂದೊಂದಾಗಿ ಬಿಡಿಸಿದೆವು. ಪೋರ್ಟಿಕೊ ಸಮತಟ್ಟು ಎಂದು ನಾನು ಅಂದುಕೊಂಡಿದ್ದೆ. ಮಳೆನೀರು ಹೊರಗೆ ಹೋಗಲೆಂದು ಗೇಟಿನ ಕಡೆ ಇಳಿಜಾರು ಕೊಟ್ಟಿರುತ್ತಾರೆ. ಒಂದು ಚೆಂಬು ನೀರು ಸುರಿದರೆ ತಿಳಿಯುವ ವಿಷಯ. ಹ್ಯಾಂಡ್‌ಬ್ರೇಕ್ ಕೇಬಲ್ ಹಳತಾಗಿ ಸಡಿಲಿತ್ತು. ಗೇರು ಹಿಡಿಯುತ್ತದೆ ಎಂಬುದು ಇನ್ನೂ ದೊಡ್ಡ ತಪ್ಪು. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಆ ಎರಡರಲ್ಲಿ ಒಂದನ್ನು ಎತ್ತಿದರೆ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರು ಜೋಡಣೆಯಿಂದಾಗಿ ಎತ್ತಿದ್ದು ಒಂದು ಕಡೆಗೆ, ನೆಲದಲ್ಲಿರುವುದು ಇನ್ನೊಂದು ಕಡೆಗೆ ಆರಾಮಾಗಿ ತಿರುಗುತ್ತವೆ. ಗೇರಿನಲ್ಲಿದ್ದೂ ಗಾಡಿ ಉರುಳುತ್ತದೆ. ಹಿಂದಿನ ಚಕ್ರಗಳಿಗೆ ನಾನು ಕಲ್ಲು ಕೊಟ್ಟಿರಲೇ ಇಲ್ಲ.

ರಾಡ್ ಬಾರದೆ ಇದ್ದದ್ದಕ್ಕೂ ಕಾರಣ ಎತ್ತಿದ ರೀತಿಯೇ. ಎಡ ಬಲ ಎರಡೂ ಕಡೆಯ ಲಿಂಕ್ ರಾಡುಗಳನ್ನು ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಒಂದು ಉದ್ದನೆಯ ಸ್ಟೆಬಿಲೈಸರ್ ಬಾರ್ ಜೋಡಿಸುತ್ತದೆ. ಒಂದು ಚಕ್ರ ಜೋತುಬಿದ್ದು ಇನ್ನೊಂದು ನೆಲದ ಮೇಲೆ ಭಾರ ಹೊತ್ತಿದ್ದರೆ ಆ ಬಾರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿರುತ್ತದೆ. ಆ ತಿರುಚಿನ ಬಲವೆಲ್ಲ ರಾಡಿನ ಮೇಲೆ. ಎರಡೂ ಕಡೆ ಸಮವಾಗಿ ಎತ್ತಿದರೆ ಬಿಗಿ ತಾನಾಗಿ ಇಳಿಯುತ್ತದೆ.

ಮುಂದಿನ ವಾರ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಸುತ್ತಿ ಗಾಲಿ ಇರುವ ಒಂದು ಟ್ರಾಲಿ ಜಾಕ್, ಎತ್ತಿದ ಗಾಡಿಗೆ ಆಸರೆಯಾಗಿ ಇಡುವ ಒಂದು ಜೊತೆ ಜಾಕ್ ಸ್ಟ್ಯಾಂಡ್ ತಂದೆ. ಸ್ಟ್ಯಾಂಡ್ ಡಬ್ಬಿಯ ಮೇಲೆ ಬರೆದಿರುವ ತೂಕ ಒಂದಕ್ಕೋ ಜೋಡಿಗೋ ಎಂದು ಓದಿ ಕೊಳ್ಳಿ, ಹಲವು ಕಂಪನಿಗಳು ಜೋಡಿಯ ಲೆಕ್ಕವನ್ನೇ ಬರೆದಿರುತ್ತವೆ. ನನ್ನ ಗಾಡಿ ಒಂದು ಟನ್ ಹತ್ತಿರ, ನಾನು ತಂದದ್ದು 3 ಟನ್ನಿನ ಜೋಡಿ. ಹಲ್ಲುಹಲ್ಲಾಗಿ ಏರುವ ಕಂಬದ ಜೊತೆಗೆ ಅಡ್ಡ ಪಿನ್ನೂ ಇರುವುದನ್ನೇ ಆರಿಸಿದೆ. ಬೆಸುಗೆ ಹಾಕಿದ ಜಾಗಗಳನ್ನು ಬೆರಳಾಡಿಸಿ ನೋಡಿದೆ. ಮಾವ ಹೇಳಿಕೊಟ್ಟದ್ದು ಒಂದೇ: ಜಾಕ್ ಎತ್ತುತ್ತದೆ, ಹೊರುವುದು ಸ್ಟ್ಯಾಂಡ್. ಟ್ರಾಲಿ ಜಾಕಿನಲ್ಲಾಗಲಿ ಬಾಟಲ್ ಜಾಕಿನಲ್ಲಾಗಲಿ ಇಡೀ ಭಾರ ನಿಂತಿರುವುದು ಎಣ್ಣೆಯ ಮೇಲೆ, ಆ ಎಣ್ಣೆಯನ್ನು ತಡೆದಿರುವುದು ರಬ್ಬರಿನ ಸೀಲು. ಸೀಲು ಸವೆದರೆ ಗಾಡಿ ಸದ್ದಿಲ್ಲದೆ ಇಳಿಯುತ್ತದೆ, ಕಿತ್ತುಹೋದರೆ ಒಮ್ಮೆಲೇ ಕುಸಿಯುತ್ತದೆ.

ಸ್ಟ್ಯಾಂಡಿಗೆ ಬದಲು ಕಲ್ಲು ಇಟ್ಟರಾಯಿತು ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಹಾಲೋ ಬ್ಲಾಕ್ ಗೋಡೆಯಲ್ಲಿ ಸಾಲಾಗಿ, ಗಾರೆಯಲ್ಲಿ ಕೂತು ಭಾರ ಹೊರಲೆಂದು ಮಾಡಿದ್ದು. ಅಂಗೈಯಗಲದ ಕಬ್ಬಿಣದ ಅಂಚು ಒಂದೇ ಕಡೆ ಒತ್ತಿದರೆ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಇಟ್ಟಿಗೆಯೂ ಅಷ್ಟೆ. ಸೈಜುಗಲ್ಲು ಒಡೆಯಲಿಕ್ಕಿಲ್ಲ, ಆದರೆ ಒಂದರ ಮೇಲೊಂದು ಪೇರಿಸಿದ ಮೇಲೆ ಕಲ್ಲಿಗೆ ಕಲ್ಲು ಜಾರುತ್ತದೆ. ಗ್ಯಾರೇಜಿನಲ್ಲಿ ಹುಡುಗರು ಹಾಗೆ ಮಾಡುವುದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜಾಗವನ್ನೂ ಬದಲಿಸಿದೆ. ಪೋರ್ಟಿಕೊದ ಟೈಲ್ಸ್ ಬಿಟ್ಟು ಮನೆ ಪಕ್ಕದ ಸಿಮೆಂಟು ನೆಲಕ್ಕೆ ಗಾಡಿ ತಂದೆ, ನೀರು ಸುರಿದು ಮಟ್ಟ ನೋಡಿದೆ. ಮಣ್ಣಿನ ಮೇಲೆ ಈ ಕೆಲಸವೇ ಬೇಡ. ಡಾಂಬರಿನ ಮೇಲಾದರೆ ಏಪ್ರಿಲ್ ಬಿಸಿಲಿಗೆ ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಹೂತುಹೋಗುತ್ತದೆ, ಕೆಳಗೆ ದಪ್ಪ ಪ್ಲೈವುಡ್ ಕೊಡಬೇಕು.

ಇನ್ನು ಎತ್ತಿದ ಕ್ರಮ. ಹಿಂದಿನ ಎರಡೂ ಚಕ್ರಗಳಿಗೆ ಮುಂದೊಂದು ಹಿಂದೊಂದು ಮರದ ತುಂಡು ಬಿಗಿಯಾಗಿ ಕೊಟ್ಟೆ. ಸರಿಪಡಿಸಿಕೊಂಡ ಹ್ಯಾಂಡ್‌ಬ್ರೇಕ್ ಎಳೆದು, ಕೀ ಜೇಬಿಗೆ ಹಾಕಿಕೊಂಡೆ. ಹಿಂಭಾಗ ಎತ್ತುವವರು ಇಲ್ಲೊಂದು ನೆನಪಿಡಬೇಕು: ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವೆರಡೂ ಗಾಳಿಯಲ್ಲಿದ್ದರೆ ಆ ಲಿವರ್ ಎಳೆದೂ ಪ್ರಯೋಜನವಿಲ್ಲ. ಆಗ ಗೇರಿನಲ್ಲಿಟ್ಟು ಮುಂದಿನ ಚಕ್ರಗಳಿಗೆ ಎರಡೂ ಕಡೆ ತುಂಡು ಕೊಡಲೇಬೇಕು.

ಚಕ್ರ ನೆಲದಲ್ಲಿರುವಾಗಲೇ ವೀಲ್ ನಟ್‌ಗಳನ್ನು ಕಾಲು ಸುತ್ತು ಸಡಿಲಿಸಿದೆ. ಎತ್ತಿದ ಮೇಲೆ ಜೋರು ಮಾಡುವ ಯಾವ ಕೆಲಸವೂ ಉಳಿಯಬಾರದು. ಟ್ರಾಲಿ ಜಾಕನ್ನು ಮುಂಭಾಗದ ನಡುವೆ, ಸಸ್ಪೆನ್ಷನ್ ಕೂತಿರುವ ದಪ್ಪನೆಯ ಅಡ್ಡ ಫ್ರೇಮಿಗೆ ಕೊಟ್ಟೆ. ಪಕ್ಕದಲ್ಲೇ ಆಯಿಲ್ ಚೇಂಬರ್ ಇರುತ್ತದೆ. ಕತ್ತಲಲ್ಲಿ ಅದೂ ಗಟ್ಟಿ ಕಬ್ಬಿಣದ ಹಾಗೇ ಕಾಣುತ್ತದೆ, ಆದರೆ ಅದು ಬರೀ ತಗಡು. ಟಾರ್ಚ್ ಹಿಡಿದು ನೋಡಿಯೇ ಕೊಡಬೇಕು. ಎತ್ತುವ ಜಾಗ ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮ ಗಾಡಿಯ ಕೈಪಿಡಿ ತೆಗೆದು ನೋಡಿ.

ಟ್ರಾಲಿ ಜಾಕಿಗೆ ಗಾಲಿ ಇರುವುದು ಎಳೆದುಕೊಂಡು ಹೋಗಲು ಮಾತ್ರ ಎಂದುಕೊಂಡಿದ್ದೆ. ಅದರ ತೋಳು ನೇರವಾಗಿ ಏರುವುದಿಲ್ಲ, ಬಾಗಿಲು ತೆರೆದ ಹಾಗೆ ಕಮಾನಾಗಿ ಏರುತ್ತದೆ. ಗಾಡಿಯನ್ನು ಅಲುಗದಂತೆ ನಿಲ್ಲಿಸಿದ್ದೇವೆ, ಆದ್ದರಿಂದ ಜಾಕ್ ತಾನೇ ಒಂದಿಷ್ಟು ಉರುಳಿ ಗಾಡಿಯಡಿಗೆ ಸರಿದುಕೊಳ್ಳಬೇಕು. ಗಾಲಿಗೆ ಒಂದು ಜಲ್ಲಿಕಲ್ಲು ಅಡ್ಡ ಸಿಕ್ಕರೂ ಸಾಕು, ಜಾಕ್ ಸರಿಯುವ ಬದಲು ಅದರ ತಲೆ ಫ್ರೇಮಿನಿಂದ ಜಾರುತ್ತದೆ. ಅದಕ್ಕೇ ನಾನು ಮೊದಲು ಕಸಬರಿಕೆ ಹಿಡಿಯುತ್ತೇನೆ. ನಾಲ್ಕೈದು ಸಲ ಹಿಡಿ ಒತ್ತಿ, ನಿಲ್ಲಿಸಿ, ಬಗ್ಗಿ ನೋಡಿ, ಮತ್ತೆ ಒತ್ತುತ್ತೇನೆ.

ಬೇಕಾದಷ್ಟು ಎತ್ತರ ಬಂದ ಮೇಲೆ ಎರಡು ಸ್ಟ್ಯಾಂಡುಗಳನ್ನು ಬಾಗಿಲ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಎರಡು ಕಚ್ಚುಗಳ ನಡುವೆ ಇಟ್ಟೆ. ಕತ್ತರಿ ಜಾಕ್ ಕೊಡುವ ಜಾಗ ಅದೇ, ಅಲ್ಲಿ ತಗಡು ದಪ್ಪಗಿರುತ್ತದೆ. ಆ ಅಂಚು ಮಡಚಿಕೊಳ್ಳದಿರಲೆಂದು ನಡುವೆ ಕಾಲುವೆ ಕೊರೆದ ಗಟ್ಟಿ ರಬ್ಬರ್ ತುಂಡು ಕೊಟ್ಟೆ. ಎರಡರ ಎತ್ತರವನ್ನೂ ಹಲ್ಲು ಎಣಿಸಿ ಸಮ ಮಾಡಿ, ಪಿನ್ ಹಾಕಿ, ಜಾಕನ್ನು ನಿಧಾನಕ್ಕೆ ಇಳಿಸಿ ಭಾರವೆಲ್ಲ ಸ್ಟ್ಯಾಂಡಿಗೆ ಬಿಟ್ಟೆ. ಪ್ರತಿ ಸ್ಟ್ಯಾಂಡಿನ ಕಾಲೂ ನೆಲಕ್ಕೆ ಕೂತಿದೆಯೇ ಎಂದು ಬಗ್ಗಿ ನೋಡಿದೆ. ಆಮೇಲೆ ಜಾಕನ್ನು ಅದೇ ಫ್ರೇಮಿಗೆ ತಾಕುವಷ್ಟೇ ಏರಿಸಿ ಅಲ್ಲೇ ಬಿಟ್ಟೆ. ಬಿಚ್ಚಿದ ಚಕ್ರಗಳು ಬಾಡಿಯ ಕೆಳಗೆ, ಎಡಕ್ಕೊಂದು ಬಲಕ್ಕೊಂದು.

ಕೈ ಹಾಕುವ ಮುಂಚೆ ಗಾಡಿಯನ್ನು ಅಲ್ಲಾಡಿಸಿ ನೋಡಬೇಕು. ಬಾನೆಟ್ಟಿನ ಪಕ್ಕ ನಿಂತು ಎರಡೂ ಕೈ ಊರಿ, ಬೀಳಿಸಿಯೇ ಬಿಡುತ್ತೇನೆ ಎನ್ನುವಷ್ಟು ಜೋರಾಗಿ ತಳ್ಳಿದೆ. ಬೀಳುವುದಿದ್ದರೆ ನಾನು ಹೊರಗೆ ನಿಂತಿರುವಾಗಲೇ ಬೀಳಲಿ. ಅಲುಗಲಿಲ್ಲ. ಮಾವನೂ ಬಂದು ಒಮ್ಮೆ ತಳ್ಳಿದರು.

ಅಷ್ಟಾದ ಮೇಲೆ ರಿಪೇರಿ ಬೇಗ ಮುಗಿಯಿತು. ನಟ್ ಬಿಚ್ಚಿದ ಮೇಲೆ, ಹೋದ ವಾರ ಸರಳು ಹಾಕಿ ಮೀಟಿದರೂ ಬಾರದ ರಾಡ್ ಎರಡು ಬೆರಳಲ್ಲಿ ಹಿಡಿದೆಳೆದರೆ ಬಂತು. ಎರಡೂ ಕಡೆ ಸೇರಿ ಮುಕ್ಕಾಲು ಗಂಟೆ. ಎತ್ತಿ ನಿಲ್ಲಿಸಲು ಅದಕ್ಕಿಂತ ಜಾಸ್ತಿಯೇ ಹಿಡಿದಿತ್ತು, ಈಗಲೂ ಹಿಡಿಯುತ್ತದೆ. ಮಕ್ಕಳು ಆ ಹೊತ್ತಿನಲ್ಲಿ ಮನೆಯೊಳಗಿರಬೇಕು, ಬಾಗಿಲು ತೆಗೆದು ಸೀಟಿನಲ್ಲಿ ಕೂರುವಂತಿಲ್ಲ. ಒಬ್ಬನೇ ಇದ್ದಾಗ ನಾನು ಗಾಡಿ ಎತ್ತುವುದೇ ಇಲ್ಲ.

ಇಳಿಸುವಾಗಲೂ ಆತುರ ಬೇಡ. ಚಕ್ರ ಹಾಕಿ ನಟ್‌ಗಳನ್ನು ಕೈಯಲ್ಲೇ ಕೂರಿಸಿದೆ. ಜಾಕಿನಿಂದ ಒಂದಿಷ್ಟು ಎತ್ತಿ, ಸ್ಟ್ಯಾಂಡ್ ಎರಡನ್ನೂ ತೆಗೆದು, ಕೆಳಗೆ ಸ್ಪ್ಯಾನರ್ ಉಳಿದಿದೆಯೇ ನೋಡಿ, ಜಾಕಿನ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದೆ. ಪೂರ್ತಿ ತಿರುಗಿಸಿದರೆ ಗಾಡಿ ಒಂದೇ ಏಟಿಗೆ ಬೀಳುತ್ತದೆ. ಚಕ್ರ ನೆಲ ಮುಟ್ಟಿದ ಮೇಲೆ ನಟ್‌ಗಳನ್ನು ಎದುರುಬದುರಾಗಿ, ಬಿಗಿಯನ್ನು ಅಳೆದು ತಿಳಿಸುವ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದೆ, ನನ್ನ ಗಾಡಿಗೆ 85 ನ್ಯೂಟನ್ ಮೀಟರ್.

ಮರುದಿನ ಸಿದ್ಧಗಂಗೆಗೆ ಹೋಗಿ ಬಂದೆವು. ಕ್ಯಾತ್ಸಂದ್ರದ ಹಂಪಿನ ಮೇಲೆ ಕಿವಿಗೊಟ್ಟು ಕೂತಿದ್ದೆ, ಸದ್ದಿಲ್ಲ. 50 ಕಿಲೋಮೀಟರ್ ಓಡಿದ ಮೇಲೆ ಎಂಟೂ ನಟ್‌ಗಳನ್ನು ಮತ್ತೊಮ್ಮೆ ರೆಂಚ್ ಇಟ್ಟು ನೋಡಿದೆ. ಬಲಗಡೆಯ ಒಂದು ಮಾತ್ರ ಚೂರು ತಿರುಗಿತು.